ಊಟಕ್ಕೆ ಕರೆದ ಉತ್ತರಪತ್ರಿಕೆ

ಒಂಟಿ ಮನುಷ್ಯ ತನಗೆ ಬರೆಯದ ಕಾಗದವನ್ನೂ ತನಗೇ ಬರೆದದ್ದೆಂದು ಓದಿಕೊಳ್ಳುತ್ತಾನೆ. ನಾನು ಓದಿಕೊಂಡೆ, ಸಾಲದ್ದಕ್ಕೆ ಬಸ್ಸು ಹತ್ತಿ ಹೋದೆ. ನಿಜಾಮರ ಕಾಲದ ಮಾತು. ಹುಮನಾಬಾದಿನ ಶಾಲೆಯಲ್ಲಿ ಇಂಗ್ಲಿಷ್ ಮಾಸ್ತರನಾಗಿದ್ದ ನನಗೆ ಪ್ರತಿ ಬೇಸಿಗೆಯಲ್ಲೂ ಮೆಟ್ರಿಕ್ ಹುಡುಗರ ಉತ್ತರಪತ್ರಿಕೆಗಳ ಕಟ್ಟೊಂದು ತಿದ್ದಲು ಬರುತ್ತಿತ್ತು. ಅವ್ವ ತೀರಿಹೋದ ಮೇಲೆ ಮನೆಯಲ್ಲಿ ನಾನೊಬ್ಬನೇ. ನನ್ನ ಮದುವೆಯ ಮಾತೆತ್ತುವವರೂ ದಣಿದು ಬಿಟ್ಟಿದ್ದರು. ಹೀಗಾಗಿ ಆ ಕಟ್ಟು ಬಂದರೆ ನೆಂಟರು ಬಂದಷ್ಟು ಸಂಭ್ರಮ. ಅಂಕ ಹಾಕಿ ಸುಮ್ಮನಿರಬೇಕಾದವನು ಅಂಚಿನಲ್ಲಿ ‘ಓದುವಾಗ ಕಣ್ಣು ಕೆಡಿಸಿಕೊಳ್ಳಬೇಡ’ ಎಂದೆಲ್ಲ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದೆ. ಯಾರೂ ಓದುವುದಿಲ್ಲವೆಂದು ಗೊತ್ತಿತ್ತು.

ಆ ವರ್ಷ, ಗೆಳೆಯನನ್ನು ಊರಿಗೆ ಕರೆದು ಕಾಗದ ಬರೆಯಿರಿ ಎಂಬ ಪ್ರಶ್ನೆಯಿತ್ತು. ಎಲ್ಲರೂ ಒಂದೇ ಗೈಡನ್ನು ಬಾಯಿಪಾಠ ಮಾಡಿ ಗೆಳೆಯನನ್ನು ಸಮುದ್ರದ ದಂಡೆಗೆ ಕರೆದಿದ್ದರು. ಬೀದರ ಸೀಮೆಗೆ ಸಮುದ್ರ ಎಲ್ಲಿಂದ ಬರಬೇಕು? ಸಿಟ್ಟಿನಿಂದ ಅಂಕ ಕತ್ತರಿಸುತ್ತ ಹೋದೆ. ನಡುವೆ ಒಂದು ಪತ್ರಿಕೆ ಬಂತು. ಇಂಗ್ಲಿಷ್ ಕುಂಟುತ್ತಿತ್ತು, ಮಾತು ಮಾತ್ರ ನಿಜದ್ದು: ಕಲ್ಯಾಣಿಯ ಕೋಟೆಯ ಹಿಂದೆ ಕಂಬಳಿ ನೇಯುವವರ ಮನೆ ನಮ್ಮದು, ಹೇಳಿಯೇ ಬರಬೇಕೆಂದಿಲ್ಲ, ಅವ್ವ ದಿನಾ ಒಂದು ರೊಟ್ಟಿ ಹೆಚ್ಚಿಗೆ ಬಡಿಯುತ್ತಾಳೆ, ಅದು ನಿನ್ನದು. ಈಗಿನ ಬಸವಕಲ್ಯಾಣವನ್ನು ಆಗ ಕಲ್ಯಾಣಿ ಎನ್ನುತ್ತಿದ್ದೆವು. ಮತ್ತೊಮ್ಮೆ ಓದಿದೆ. ಇಪ್ಪತ್ತಕ್ಕೆ ಹದಿನೆಂಟು ಕೊಟ್ಟೆ. ಅಂಕಪಟ್ಟಿ ಅಂಚೆಗೆ ಹಾಕಿ ಬಂದರೂ ಆ ರೊಟ್ಟಿ ತಲೆಯಿಂದ ಇಳಿಯಲಿಲ್ಲ. ಪರೀಕ್ಷಕನಾದವನು ಹೀಗೆ ಹುಡುಕಿಕೊಂಡು ಹೋಗಬಾರದು, ನಿಜ. ಆದರೆ ನನ್ನನ್ನೂ ಬಾ ಎನ್ನುವವರು ಒಂದು ಕಡೆ ಇದ್ದಾರೆ ಎನ್ನಿಸಿಬಿಟ್ಟಿತ್ತು.

ಮನೆ ಸುಲಭವಾಗಿ ಸಿಕ್ಕಿತು. ಬಾಗಿಲಲ್ಲಿದ್ದ ಹೆಣ್ಣುಮಗಳಿಗೆ ಕಂಬಳಿ ಬೇಕಾಗಿತ್ತು ಎಂದು ಸುಳ್ಳು ಹೇಳಿದೆ. “ಬರ್ರಿ, ಒಳಗ ಬಂದು ಕೂಡ್ರಿ, ಬಿಸಲಾಗ ಬಂದೀರಿ” ಎಂದಳು. ಪರೀಕ್ಷೆ ಮುಗಿಸಿ ರಜೆಗೆ ಬಂದಿದ್ದ ಆಕೆಯ ಮಗ ಕಂಬಳಿ ಬಿಚ್ಚಿ ತೋರಿಸಿದ. ನಾನು ಯಾರೆಂದು ಹೇಳದೆ, “ಇಂಗ್ಲಿಷ್ ಪೇಪರ್ ಹ್ಯಾಂಗ ಹೋತಪಾ?” ಎಂದು ಕೇಳಿದೆ.

“ಛಲೋ ಹೋತ್ರಿ. ನಮ್ಮಣ್ಣ ಹುಮನಾಬಾದದಾಗ ಸಾಲಿ ಕಲಿಯೋವಾಗ ಮಾಸ್ತರು ಒಂದು ಕಾಗದ ಬರೆಸಿದ್ರು. ಅದನ್ನ ಬಾಯಿಪಾಠ ಮಾಡಿದ್ದೆ. ಊರು, ಮನಿ ಗುರ್ತು ಅಷ್ಟೇ ಬದಲ್ ಮಾಡೀನ್ರಿ” ಎಂದು ಅಣ್ಣನ ಹಳೆಯ ನೋಟುಬುಕ್ಕನ್ನೇ ತಂದು ಮುಂದಿಟ್ಟ.

ಕೆಳಗೆ ಕೆಂಪು ಶಾಯಿಯಲ್ಲಿ ನನ್ನ ಸಹಿ ಇತ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷ ಅವ್ವನ ಒಲೆಯ ಮುಂದೆ ಕುಳಿತು ಬರೆದು, ಮರುದಿನ ಹುಡುಗರಿಗೆ ಬರೆಸಿದ ಕಾಗದ. ಹೆಚ್ಚಿನ ಆ ರೊಟ್ಟಿ ನನ್ನ ಅವ್ವ ಬಡಿಯುತ್ತಿದ್ದದ್ದು. ನಾನೇ ಮರೆತಿದ್ದೆ. ಕುಂಟುವ ಇಂಗ್ಲಿಷೂ ನನ್ನದೇ.

“ಕಂಬಳಿ ಆಮ್ಯಾಗ ನೋಡ್ರಿ, ಮೊದಲ ಉಣ್ರಿ” ಎಂದು ಆಕೆ ತಾಟು ಇಟ್ಟಳು. ಉಣ್ಣುತ್ತ ನನ್ನ ಕಣ್ಣು ತುಂಬಿದ್ದನ್ನು ಕಂಡು, “ಖಾರ ಭಾಳ ಆತೇನ್ರಿ?” ಎಂದಳು. ಹೌದ್ರಿ ಎಂದೆ. ಬೇಡದ ಕಂಬಳಿಯೊಂದನ್ನು ಬಿರುಬೇಸಿಗೆಯಲ್ಲಿ ಹೆಗಲ ಮೇಲೆ ಹೊತ್ತು ಊರಿಗೆ ಬಂದೆ. ಬಿ.ಎ.ಯಲ್ಲಿ ಇಂಗ್ಲಿಷಿಗೇ ಎರಡು ಸಲ ಡುಮ್ಕಿ ಹೊಡೆದವನು ನಾನು. ನನ್ನ ಬರವಣಿಗೆಗೆ ಇಪ್ಪತ್ತಕ್ಕೆ ಹದಿನೆಂಟು ಕೊಟ್ಟ ಪರೀಕ್ಷಕ ಜೀವಮಾನದಲ್ಲಿ ಒಬ್ಬನೇ ಸಿಕ್ಕ. ಅವನೂ ನಾನೇ.