ಷಡ್ಡಕನ ಅಲೆ, ನನ್ನ ಮಣೆ

ಪಕ್ಕದ ಮನೆಯವರ ಹೊಸ ಕಾರು ನೋಡಿ ಹುಟ್ಟುವ ಹೊಟ್ಟೆಕಿಚ್ಚು ಎರಡು ದಿನದಲ್ಲಿ ಆರುತ್ತದೆ. ಷಡ್ಡಕನ ಮೇಲೆ ಹುಟ್ಟಿದ್ದು ಆರುವ ಜಾತಿಯದಲ್ಲ. ಯಾಕೆಂದರೆ ಇಬ್ಬರಿಗೂ ಅತ್ತೆ ಒಬ್ಬರೇ. ನನ್ನ ಹೆಂಡತಿಯ ತಂಗಿಯ ಗಂಡ ಗಿರೀಶ ಮಂಗಳೂರಿಗೆ ಹೋಗಿ, ಅಲ್ಲಿನ ಬೀಚಿನಲ್ಲಿ ಸರ್ಫಿಂಗ್ ಮಾಡಿ, ಅದರ ವಿಡಿಯೋವನ್ನು ಮನೆಮಂದಿಯ ಗ್ರೂಪಿಗೆ ಹಾಕಿದ. ಅವನ ಹೊಟ್ಟೆ ನನ್ನದಕ್ಕಿಂತ ಒಂದು ಗೇಣು ಮುಂದಿದೆ. ಆದರೂ ಅಲೆಯ ಮೇಲೆ, ಹಲಗೆಯ ಮೇಲೆ, ಕೈ ಚಾಚಿ ನಿಂತಿದ್ದಾನೆ! ಈ ಸಲವಾದರೂ ಬೀಳುತ್ತಾನೇನೋ ಎಂಬ ಆಸೆಯಿಂದ ಆ ವಿಡಿಯೋವನ್ನು ಮತ್ತೆ ಮತ್ತೆ ನೋಡಿದೆ. ಪುಣ್ಯಾತ್ಮ ಪ್ರತಿ ಸಲವೂ ನಿಂತೇ ಇದ್ದ.

ಪುಣೆಯ ನಿಗಡಿಯಲ್ಲಿರುವ ನಮ್ಮ ಅತ್ತೆ ಅದನ್ನು ತರಕಾರಿಯವನಿಗೂ ತೋರಿಸಿ, "ಹೇ ಆಮ್ಚೆ ಜಾವಯಿ" ಎಂದು ಮರಾಠಿಯಲ್ಲಿ ಅಳಿಯನ ಪರಿಚಯ ಮಾಡಿಸಿದರಂತೆ. ಇಷ್ಟು ವರ್ಷಗಳಿಂದ ನಾನೂ ಅಳಿಯನೇ. ಯಾವ ತರಕಾರಿಯವನಿಗೂ ನನ್ನ ಪರಿಚಯವಾಗಿಲ್ಲ. "ನೀವೂ ಒಮ್ಮೆ ಹೋಗಿ ಬರ್ರಿ. ದಂಡಿ ಮ್ಯಾಲ ಕೂತು ನೋಡಿದ್ರೂ ಭಾಳ ಛಂದ ಇರ್ತದ" ಎಂದರು ನನಗೆ. ದಂಡೆಯ ಮೇಲೆ!

ಸಂಕಟಕ್ಕೆ ಇನ್ನೊಂದು ಕಾರಣವಿತ್ತು. ದೀಪಾವಳಿ ಹತ್ತಿರ ಬಂದಿತ್ತು. ನಮ್ಮ ಧಾರವಾಡದ ಕಡೆ ಹಬ್ಬದ ಬೆಳಿಗ್ಗೆ ಅಳಿಯಂದಿರನ್ನು ರಂಗೋಲಿ ಹಾಕಿದ ಮಣೆಯ ಮೇಲೆ ಕೂರಿಸಿ, ಎಣ್ಣೆ ಹಚ್ಚಿ, ಆರತಿ ಬೆಳಗುತ್ತಾರೆ. ಮೊದಲು ಕೂರುವವನು ಹಿರಿಯ ಅಳಿಯ. ಆಫೀಸಿನಲ್ಲಿ ನನಗೆ ಕಿಟಕಿ ಪಕ್ಕದ ಕುರ್ಚಿಯೂ ಸಿಕ್ಕಿಲ್ಲ. ಇಡೀ ಪುಣೆಯಲ್ಲಿ ನನಗಿರುವ ಮರ್ಯಾದೆಯೆಂದರೆ ಅದೊಂದು ಮಣೆ. ಅದೂ ಗಿರೀಶನ ಪಾಲಾದರೆ?

ನಾನೂ ನಿಂತು ತೋರಿಸಬೇಕೆಂದು ನಿಶ್ಚಯಿಸಿದೆ. ಆದರೆ ಪುಣೆಯ ಖರಾಡಿಯಲ್ಲಿರುವ ನಮ್ಮ ಫ್ಲ್ಯಾಟಿನಲ್ಲಿ ಸಮುದ್ರವೆಲ್ಲಿ? ಹೆಂಡತಿ ಸುಮಾ ಸ್ನಾನಕ್ಕೆ ಹೋದಾಗ ನಡುಮನೆಯಲ್ಲಿ ಲಟ್ಟಣಿಗೆಯನ್ನು ಅಡ್ಡ ಇಟ್ಟು, ಅದರ ಮೇಲೆ ದೇವರ ಮನೆಯ ಮಣೆಯಿಟ್ಟು, ಗಿರೀಶನ ಹಾಗೆಯೇ ಕೈ ಚಾಚಿ ಹತ್ತಿದೆ. ಮಣೆ ಮುಂದೆ ಹೋಯಿತು. ನಾನು ಹಿಂದೆ ಹೋದೆ.

ಸದ್ದು ಕೇಳಿ ಓಡಿ ಬಂದ ಸುಮಾ, "ಅಯ್ಯ ನಮ್ಮವ್ವ! ಇದೇನ್ರೀ ಹುಚ್ಚಾಟ? ಲಟ್ಟಣಿಗಿ ಮುರದಿಲ್ಲಲ್ಲ?" ಎಂದಳು.

ಲಟ್ಟಣಿಗೆಗೆ ಏನೂ ಆಗಿರಲಿಲ್ಲ. ಡಾಕ್ಟರು ಮಾತ್ರ ನೆಲದ ಮೇಲೆ ಕೂರಲೇಬಾರದು ಎಂದು ಹೇಳಿ ನನ್ನ ಸೊಂಟಕ್ಕೆ ಪಟ್ಟಿ ಬಿಗಿದರು. ಬಚ್ಚಲಲ್ಲಿ ಜಾರಿದರೆಂದು ಸುಮಾ ತವರಿಗೆ ಹೇಳಿ ಮಾನ ಉಳಿಸಿದಳು. ಹಬ್ಬದ ದಿನ ಅತ್ತೆ ಪ್ಲಾಸ್ಟಿಕ್ ಕುರ್ಚಿ ತಂದು, "ನೀವು ಇದರ ಮ್ಯಾಲ ಕೂಡ್ರಿ, ಪಾಪ. ಗಿರೀಶಪ್ಪಾ, ನೀವ ಬರ್ರಿ, ಮಣಿ ಖಾಲಿ ಅದ" ಎಂದರು.

ನನ್ನ ಕೈಯಾರೆ ಖಾಲಿ ಮಾಡಿಕೊಟ್ಟ ಮಣೆಯ ಮೇಲೆ ಗಿರೀಶ ಚಕ್ಕಳಮಕ್ಕಳ ಹಾಕಿ ಕೂತ. ತಲೆಯಿಂದ ಎಣ್ಣೆ ಸುರಿಯುತ್ತಿರುವಾಗ ನನ್ನತ್ತ ಬಾಗಿ ಪಿಸುಗುಟ್ಟಿದ: "ಅಣ್ಣಾರ, ನಿಮಗಷ್ಟ ಹೇಳ್ತೇನ್ರಿ. ಮಂಗಳೂರಾಗ ನಾ ಮುಂಜಾನಿಂದ ಸಂಜೀತನಕ ಬಿದ್ದದ್ದ ಬಿದ್ದದ್ದು. ನಿಂತದ್ದು ಒಂದ ಸಲ, ಅದನ್ನಷ್ಟ ಗ್ರೂಪಿಗೆ ಹಾಕೀನಿ."

ಇದನ್ನು ಕೇಳಿ ನನಗೆ ಸಮಾಧಾನವಾಗಬೇಕಿತ್ತು. ಪಟ್ಟಿಯೊಳಗಿನ ಸೊಂಟ ಚುಳ್ಳೆಂದಿತು. ಅಷ್ಟೊಂದು ಸಲ ಬಿದ್ದನಂತೆ, ಆದರೆ ಬಿದ್ದದ್ದು ನೀರಿಗೆ!