ಮದ್ದೂರಿಂದ ಮಳವಳ್ಳಿವರೆಗೆ ಹಾಡಬೇಕಾಗಿದ್ದ ಕಾರು

ರೇಡಿಯೋ ರಿಪೇರಿಯವನ ಅಂಗಡಿಗೆ ಕೆಟ್ಟ ರೇಡಿಯೋ ಮಾತ್ರ ಬರುತ್ತೆ ಅಂತ ನೀವು ಅಂದುಕೊಂಡಿದ್ದರೆ ತಪ್ಪು. ಅದರ ಬೆನ್ನಿಗೇ ಒಂದು ಪೇಚಾಟವೂ ಬಂದು ಸ್ಟೂಲು ಎಳೆದುಕೊಂಡು ಕೂರುತ್ತೆ. ಮದ್ದೂರಿನಲ್ಲಿ ಅಂಗಡಿ ತೆಗೆದ ದಿನದಿಂದ ನಾನು ಪೇಚಿಗೆ ಸಿಕ್ಕದ ವಾರವೇ ಇಲ್ಲ. ಆದರೆ ಎಪ್ಪತ್ತರ ದಶಕದ ಕೊನೆಯಲ್ಲಿ, ಮೊಟ್ಟಮೊದಲ ಸಲ ಒಂದು ಕಾರಿಗೆ ಹಾಡು ಕೂರಿಸಲು ಹೋದೆನಲ್ಲ, ಆ ಒಂದೂವರೆ ತಿಂಗಳ ಮುಂದೆ ಉಳಿದದ್ದೆಲ್ಲ ಏನೂ ಅಲ್ಲ.

ಆಗ ನನಗೆ ಇಪ್ಪತ್ತಾರು. ಮಳವಳ್ಳಿಯ ಮೇಷ್ಟ್ರೊಬ್ಬರ ಮನೆಗೆ ಹೆಣ್ಣು ನೋಡಲು ಹೋಗಿದ್ದೆ. ಹುಡುಗಿ ಉಪ್ಪಿಟ್ಟಿನ ತಟ್ಟೆ ತಂದಿಟ್ಟು, ಒಂದೇ ಒಂದು ಸಲ ಕಣ್ಣೆತ್ತಿ ನೋಡಿ, ಒಳಗೆ ಹೋದಳು. ಅವಳ ದನಿ ಹೇಗಿದೆ ಅಂತಲೂ ಗೊತ್ತಾಗಲಿಲ್ಲ. ಆದರೂ ಮದುವೆ ಅಂತ ಆದರೆ ಇವಳನ್ನೇ ಅಂತ ಉಪ್ಪಿಟ್ಟು ಮುಗಿಯುವುದರೊಳಗೆ ತೀರ್ಮಾನ ಮಾಡಿಬಿಟ್ಟೆ.

ತೊಡಕು ಇದ್ದದ್ದು ಮೇಷ್ಟ್ರದು. ಕನ್ನಡಕದ ಮೇಲಿಂದ ನೋಡುತ್ತಾ ಕೇಳಿದರು: "ರಿಪೇರಿ ಅಂದ್ರೆ ಇನ್ನೊಬ್ಬ ಮಾಡಿದ್ದನ್ನ ಬಿಚ್ಚಿ ಮುಚ್ಚೋದು. ನೀನೇ ಕೈಯಾರೆ ಕಟ್ಟಿರೋದು ಏನಾದ್ರೂ ಇದೆಯೇನಪ್ಪಾ?"

"ಕಾರಿಗೆ ಹಾಡೋ ಸೆಟ್ಟು ಕಟ್ತಾ ಇದೀನಿ ಸಾರ್" ಅಂದೆ. ಸುಳ್ಳು. ಬೆಸಗರಹಳ್ಳಿಯ ಟ್ಯಾಕ್ಸಿಯವನೊಬ್ಬ "ನಂ ಕಾರಿಗೂ ಒಂದು ಸೆಟ್ಟು ಕೂರ್ಸ್ಲಾ" ಅಂತ ಕೇಳಿದ್ದ, ಅಷ್ಟೇ. ನಾನಿನ್ನೂ ಒಂದು ಗಜ ವೈರು ಕೂಡ ತಂದಿರಲಿಲ್ಲ.

"ಒಳ್ಳೇದು. ಬರೋ ತಿಂಗಳು ಮದ್ದೂರಲ್ಲಿ ನಮ್ಮೋರ ಮನೆ ಗೃಹಪ್ರವೇಶ. ಸಂಸಾರ ಸಮೇತ ಬರ್ತೀವಿ. ವಾಪಸ್ಸು ಆ ಕಾರಲ್ಲೇ ಬರೋಣ. ಮದ್ದೂರಿಂದ ಮಳವಳ್ಳಿವರ್ಗೂ ನಿಲ್ಲದೆ ಹಾಡಿದ್ರೆ ಮುಂದಿನ ಮಾತು. ಮಧ್ಯ ನಿಂತ್ರೆ, ಈ ಮಾತನ್ನೂ ಅಲ್ಲೇ ನಿಲ್ಲಿಸೋಣ."

ನಾನು ಹೂಂ ಅಂದೆ. ಬುದ್ಧಿ ಇದ್ದವನು ಅನ್ನುವ ಮಾತಾಗಿರಲಿಲ್ಲ ಅದು.

ಹೊಗೆ

ಟ್ಯಾಕ್ಸಿಯವನನ್ನು ನಾವೆಲ್ಲ ಡ್ರೈವರಣ್ಣ ಅಂತಲೇ ಕರೆಯುತ್ತಿದ್ದೆವು. ಕಾರು ಅವನದೇ. ಎಷ್ಟು ಹಳೆಯದು ಅಂದರೆ, ಅದರ ಬಾಗಿಲು ಹಾಕಲು ಒಬ್ಬರು ಒಳಗಿಂದ ಎಳೆಯಬೇಕು, ಇನ್ನೊಬ್ಬರು ಹೊರಗಿಂದ ಒದೆಯಬೇಕು.

ಹಳೇ ಕ್ಯಾಸೆಟ್ ಪ್ಲೇಯರೊಂದಕ್ಕೆ ಮೊದಲು ಒಂದು ಪುಟ್ಟ ಆಂಪ್ಲಿಫೈಯರನ್ನು ನಾನೇ ಜೋಡಿಸಿದೆ. ಕಾರುಗಳಲ್ಲಿ ಬ್ಯಾಟರಿಯ ಮೈನಸ್ಸನ್ನು ಕಾರಿನ ಮೈಗೆ ಕಟ್ಟಿರುತ್ತಾರೆ ಅಂತ ಯಾವುದೋ ಪುಸ್ತಕದಲ್ಲಿ ಓದಿದ್ದೆ. ಆ ಪುಸ್ತಕ ಬರೆದವನು ಡ್ರೈವರಣ್ಣನ ಕಾರು ನೋಡಿರಲಿಲ್ಲ. ಇದು ಹಳೇ ಕಾಲದ್ದು, ಮೈಗೆ ಕಟ್ಟಿದ್ದದ್ದು ಪ್ಲಸ್ಸನ್ನು. ಎಲ್ಲಾ ತಿರುಗುಮುರುಗು.

ಸ್ವಿಚ್ಚು ಒತ್ತಿದೆ. ಹಾಡು ಬರಲಿಲ್ಲ. ಡ್ಯಾಶ್‌ಬೋರ್ಡಿನ ಕೆಳಗಿಂದ ನಿಧಾನಕ್ಕೆ, ಬಹಳ ಮರ್ಯಾದೆಯಿಂದ, ಎಳೆ ಎಳೆಯಾಗಿ ಹೊಗೆ ಬಂತು.

ಡ್ರೈವರಣ್ಣ ಮೂಗು ಅರಳಿಸಿದ. "ಪೂಜೆ ಮಾಡ್ದೇನ್ಲಾ? ಊದುಬತ್ತಿ ಅಚ್ಚಿದ್ದೀಯಲ್ಲ?"

"ಊದುಬತ್ತಿ ಅಲ್ಲಣ್ಣ, ಟ್ರಾನ್ಸಿಸ್ಟರು."

ಅವನು ಚಪ್ಪಲಿ ಬಿಟ್ಟು, ಡ್ಯಾಶ್‌ಬೋರ್ಡಿಗೆ ಕೈ ಮುಗಿದ. "ಮಂಗಳಾರತಿ ಆದಂಗಾಯ್ತು. ಇನ್ನು ತೀರ್ಥ ಕೊಡು" ಅಂದ.

ಇಲಿಯ ಪಾಲು

ಎರಡನೇ ಆಂಪ್ಲಿಫೈಯರು ಕಟ್ಟಿದೆ. ಪ್ಲಸ್ಸು ಮೈನಸ್ಸು ಮೂರು ಸಲ ನೋಡಿದೆ. ಹೊಗೆ ಬರಲಿಲ್ಲ. ಟೆಂಟ್ ಸಿನಿಮಾದವರು ಮಾರಿದ್ದ ದೊಡ್ಡ ಸ್ಪೀಕರೊಂದು ನನ್ನ ಹತ್ತಿರ ಬಿದ್ದಿತ್ತು, ರೊಟ್ಟಿ ಹಂಚಿಗಿಂತ ದೊಡ್ಡದು. ಸ್ಪೀಕರು ದೊಡ್ಡದಾದಷ್ಟೂ ಸದ್ದು ದೊಡ್ಡದು ಅಂದುಕೊಂಡು ಅದನ್ನೇ ಹಿಂದಿನ ಸೀಟಿನ ಬೆನ್ನಿಗಿರುವ ಹಲಗೆಯ ಮೇಲೆ ಕೂರಿಸಿದೆ. ನನ್ನ ಒಂದು ವ್ಯಾಟಿನ ಆಂಪ್ಲಿಫೈಯರಿಗೆ ಅದನ್ನು ಅಲ್ಲಾಡಿಸುವ ತ್ರಾಣವೆಲ್ಲಿ? ಒಳಗೆಲ್ಲೋ ಒಂದು ಸೊಳ್ಳೆ ಹಾಡುತ್ತಿತ್ತು. ಕಿವಿಯನ್ನು ಸ್ಪೀಕರಿನ ಕಾಗದಕ್ಕೆ ಒತ್ತಿಟ್ಟು ಡ್ರೈವರಣ್ಣ ಕೇಳಿದ: "ಪ್ಯಾಸೆಂಜರೆಲ್ಲ ಇಂಗೇ ತಲೆ ಇಟ್ಕೊಂಡೇ ಬರ್ಬೇಕಾ?"

ನನಗೆ ರೋಷ ಬಂತು. ಮೈಕ್‌ಸೆಟ್ಟಿನವರ ಹತ್ತಿರ ಮೂವತ್ತು ವ್ಯಾಟಿನ ಆಂಪ್ಲಿಫೈಯರು ತಂದೆ. ದೊಡ್ಡ ಸ್ಪೀಕರಿನ ಮೇಲಿನ ಸಿಟ್ಟಿಗೆ ಈ ಸಲ ಮನೆ ರೇಡಿಯೋದೊಳಗಿನ ಎರಡು ಚಿಕ್ಕ ಸ್ಪೀಕರು ಹಾಕಿದೆ. ನಾದಸ್ವರದ ಕ್ಯಾಸೆಟ್ಟು ಹಾಕಿ ದನಿ ಏರಿಸಿದ್ದೇ ತಡ, ಒಂದು ಸ್ಪೀಕರು 'ಫಟ್' ಅಂತ ಬಾಯಿ ಬಿಟ್ಟಿತು. ಒಳಗಿನ ಕಾಗದ ನಡುವೆ ಹರಿದಿತ್ತು.

ಇನ್ನೊಂದು ತರಲು ಮಂಡ್ಯಕ್ಕೆ ಹೋಗಬೇಕು. ಅಲ್ಲಿಯವರೆಗೆ ಇರಲಿ ಅಂತ ಮೈದಾ ಹಿಟ್ಟು ಬೇಯಿಸಿ ಗೋಂದು ಮಾಡಿ, ದಿನಪತ್ರಿಕೆಯ ಚೂರು ಅಂಟಿಸಿ, ಬಿಸಿಲಿಗೆ ಒಣಗಿಸಿದೆ. ಪರವಾಗಿಲ್ಲ, ಹಾಡಿತು.

ಬೆಳಗ್ಗೆ ಡ್ರೈವರಣ್ಣ ಅಂಗಡಿ ಮುಂದೆ ಕಾರು ನಿಲ್ಲಿಸಿ ಹಿಂದಿನ ಬಾಗಿಲು ತೆಗೆದ. ಸ್ಪೀಕರಿನಲ್ಲಿ ಕಾಗದವೇ ಇಲ್ಲ. ಅಯಸ್ಕಾಂತ, ತಗಡು, ಅದರ ಪಕ್ಕ ನಾಲ್ಕು ಇಲಿ ಹಿಕ್ಕೆ.

"ನಿನ್ ಸಂಗೀತ ಒಬ್ರಿಗಾದ್ರೂ ರುಚಿಸ್ತಲ್ಲ ಬುಡು" ಅಂದ.

ಎರಡು ಎತ್ತು

ಮಂಡ್ಯದ ಅಂಗಡಿಯವರು ಪುಣ್ಯಾತ್ಮರು. ಕೌಂಟರಿನ ಮೇಲೆ ಕಾಗದ ಇಟ್ಟು ಪಾಠ ಮಾಡಿದರು. "ಗಾತ್ರ ನೋಡ್ಬೇಡ್ರಿ. ಆಂಪ್ಲಿಫೈಯರು ಎಷ್ಟು ವ್ಯಾಟು ಕೊಡುತ್ತೆ, ಸ್ಪೀಕರು ಎಷ್ಟು ತಡ್ಕೊಳುತ್ತೆ, ಅದು ನೋಡಿ. ಆಮೇಲೆ ಬೆನ್ನ ಮೇಲೆ ಬರೆದಿರೋ ಓಮ್, ಅಂದ್ರೆ ಕರೆಂಟಿಗೆ ತಡೆ ಎಷ್ಟು, ಅದು ನೋಡಿ. ನಿಮ್ಮದು ಎಂಟು ಓಮ್ ಕೇಳುತ್ತೆ. ಹದಿನಾರರದ್ದು ಎರಡು ತಗೊಂಡು ಜೊತೆಗೆ ಕಟ್ಟಿ, ತಡೆ ಅರ್ಧಕ್ಕೆ ಇಳಿದು ಎಂಟಾಗುತ್ತೆ." ನಾನು ಸ್ಪೀಕರಿಗೂ ಜಾತಕ ಇದೆ ಅಂತ ತಿಳಿದುಕೊಂಡು ವಾಪಸ್ಸು ಬಂದೆ.

ಎರಡನ್ನೂ ಹಲಗೆಗೆ ಕೂರಿಸಿದೆ. ಜಾತಕ ಕೂಡಿತ್ತು, ಸಂಸಾರ ಕೂಡಲಿಲ್ಲ. ಡೋಲಿನ ಸದ್ದೇ ಇಲ್ಲ, ಬರೀ ಕೀರಲು. ಮಂಡ್ಯದವರನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಅಷ್ಟರಲ್ಲಿ ಡ್ರೈವರಣ್ಣನ ಮೊಣಕೈ ತಗಲಿ ಒಂದು ಸ್ಪೀಕರಿನ ವೈರು ಕಿತ್ತು ಬಂತು. ಉಳಿದ ಒಂದರಲ್ಲೇ ಡೋಲು ಧಣ್ ಧಣ್ ಅಂತ ಕೇಳಿಸಿತು!

ಅವನು ವೈರು ಇಟ್ಟ, ಡೋಲು ಹೋಯಿತು. ತೆಗೆದ, ಡೋಲು ಬಂತು. ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ.

"ಒಂದೆತ್ತನ್ನ ಮುಂದಕ್ಕೆ, ಒಂದೆತ್ತನ್ನ ಇಂದಕ್ಕೆ ಮುಖ ಮಾಡಿ ಕಟ್ಟಿದ್ದೀಯ ಕಣ್ಲಾ. ಗಾಡಿ ಎಲ್ಲಿಗೋದಾತು?"

ನಾನು ನಗಲು ಹೋಗಿ ಬಾಯಿ ಮುಚ್ಚಿಕೊಂಡೆ. ಟಾರ್ಚಿನ ಒಂದು ಸೆಲ್ಲು ಮುಟ್ಟಿಸಿ ನೋಡಿದರೆ, ಒಂದರ ಕಾಗದ ಮುಂದಕ್ಕೆ ಜಿಗಿಯಿತು, ಇನ್ನೊಂದರದು ಹಿಂದಕ್ಕೆ. ವೈರು ಅದಲು ಬದಲು ಮಾಡಿದೆ. ಕಾರಿನ ಬಾಗಿಲೇ ಅದುರುವ ಹಾಗೆ ಡೋಲು ಬಂತು. ಅಂಗಡಿ ಪೂರಾ ನನ್ನದು, ಬುದ್ಧಿ ಅವನದು.

ಆ ಖುಷಿಗೆ ಅವನಿಗೆ ಇನ್ನೊಂದು ಚಮತ್ಕಾರ ತೋರಿಸಿದೆ. ಕರೆಂಟು ಕೊಟ್ಟರೆ ಸ್ಪೀಕರಿನ ಕಾಗದ ಅದುರಿ ಸದ್ದು ಬರುತ್ತೆ. ಅದೇ ಕಾಗದದ ಮುಂದೆ ನಾವು ಮಾತಾಡಿದರೆ ಕರೆಂಟು ಹುಟ್ಟುತ್ತೆ, ಸ್ಪೀಕರೇ ಮೈಕು ಆಗುತ್ತೆ. ಮದುವೆ ದಿಬ್ಬಣಕ್ಕೆ ಅಂತ ಕಾರಿನ ತಲೆ ಮೇಲೆ ಒಂದು ಹಾರ್ನ್ ಸ್ಪೀಕರು ಕಟ್ಟಿದ್ದೆವು. ಸದ್ದು ಒಳಗೆ ಬೇಕೋ ಮೇಲೆ ಬೇಕೋ ಅಂತ ಆರಿಸಲು ಒಂದು ಸ್ವಿಚ್ಚೂ ಇತ್ತು. ಹಲಗೆಯ ಒಂದು ಸ್ಪೀಕರಿನ ಪಿನ್ನನ್ನು ಆಂಪ್ಲಿಫೈಯರಿನ ಮೈಕಿನ ತೂತಿಗೆ ಸಿಕ್ಕಿಸಿ, ಸ್ವಿಚ್ಚು ಮೇಲಕ್ಕೆ ಹಾಕಿ, "ಮಾತಾಡಣ್ಣ" ಅಂದೆ.

ಅವನು ಸ್ಪೀಕರಿಗೆ ಬಾಯಿಟ್ಟು ತನ್ನ ಬಾಡಿಗೆಗಳನ್ನೆಲ್ಲ ಕಿತ್ತುಕೊಳ್ಳುತ್ತಿದ್ದ ಇನ್ನೊಬ್ಬ ಟ್ಯಾಕ್ಸಿಯವನಿಗೆ ಮನಸಾರೆ ಬೈದ. ಅಂಗಡಿ ಎದುರಿನ ಇಡೀ ಟ್ಯಾಕ್ಸಿ ಸ್ಟ್ಯಾಂಡಿಗೆ ಕೇಳಿಸಿತು. ಆ ಟ್ಯಾಕ್ಸಿಯವನು ಪಕ್ಕದ ಹೋಟೆಲಿನಿಂದ ವಡೆ ಕೈಯಲ್ಲಿ ಹಿಡಿದುಕೊಂಡೇ ಓಡಿ ಬಂದ.

ತಳ್ಳುವವರು

ಗೃಹಪ್ರವೇಶಕ್ಕೆ ಮೂರು ದಿನ ಇರುವಾಗ ಚಿಕ್ಕರಸಿನಕೆರೆವರೆಗೆ ಹೋಗಿ ಬರೋಣ ಅಂತ ಹೊರಟೆವು. ಹೋಗುವಾಗ ಚೆನ್ನಾಗಿ ಹಾಡಿತು. ಅಲ್ಲಿ ದೇವಸ್ಥಾನದ ಹತ್ತಿರ ನಿಲ್ಲಿಸಿ ಕಾಫಿ ಕುಡಿದು ಬಂದರೆ, ಕಾರು ಸ್ಟಾರ್ಟೇ ಆಗದು. ಇಂಜಿನ್ನು ನಿಲ್ಲಿಸಿ ಹಾಡು ಹಾಕಿಯೇ ಹೋಗಿದ್ದೆವು, ಬ್ಯಾಟರಿ ಹಾಡಿ ಹಾಡಿ ಸೋತಿತ್ತು, ಹಾಡುವಷ್ಟು ಮಾತ್ರ ಜೀವ ಉಳಿದಿತ್ತು.

ನಾದಸ್ವರ ಕೇಳಿ ಜನ ಸೇರಿದ್ದರು. ಹತ್ತು ಜನ ಕೈ ಹಾಕಿ ತಳ್ಳಿದರು. ಕಾರು ಇಂಜಿನ್ನಿಲ್ಲದೆ, ಮೇಳದ ಸಮೇತ, ಮದುಮಗನ ಹಾಗೆ ಬೀದಿಯಲ್ಲಿ ಹೊರಟಿತು.

"ಅಣ್ಣ, ಮೊದಲು ಹಾಡು ಆಫ್ ಮಾಡು, ಬ್ಯಾಟರಿಗೆ ಜೀವ ಬರ್ಲಿ" ಅಂದೆ.

"ಸುಮ್ಕಿರ್ಲಾ" ಅಂತ ಡ್ರೈವರಣ್ಣ ಪಿಸುಗುಟ್ಟಿದ. "ಆಫ್ ಮಾಡುದ್ರೆ ತಳ್ಳೋರು ಒಂಟೋಯ್ತಾರೆ."

ಸಂತೆ

ಆ ದಿನ ಬಂತು. ಹಿಂದಿನ ದಿನವೇ ಕಾರಿಗೊಂದು ಮದುವೆ ಬಾಡಿಗೆ ಇತ್ತು. ಹಾರ್ನು ಇನ್ನೂ ತಲೆ ಮೇಲೇ ಇತ್ತು. ನಾನು ಬೆಳಗ್ಗೆ ಹೆದರಿಕೆಗೆ ಎಲ್ಲಾ ಪಿನ್ನುಗಳನ್ನೂ ಕಿತ್ತು, ಒರೆಸಿ, ಮತ್ತೆ ಸಿಕ್ಕಿಸಿದೆ. ಯಾವುದು ಎಲ್ಲಿಗೆ ಅಂತ ಎರಡನೇ ಸಲ ನೋಡಲಿಲ್ಲ.

ಮುಂದೆ ಡ್ರೈವರಣ್ಣ, ನಡುವೆ ನಾನು, ಕಿಟಕಿ ಕಡೆ ಮೇಷ್ಟ್ರು. ಹಿಂದೆ ಮೇಷ್ಟ್ರ ಹೆಂಡತಿ ಮತ್ತು ಹುಡುಗಿ. ಧೂಳು ಅಂತ ಗಾಜೆಲ್ಲ ಏರಿಸಿದ್ದರು. ನಾದಸ್ವರ ಶುರುವಾಯಿತು. ಎಡಗಡೆಯ ಸ್ಪೀಕರು ಯಾಕೋ ಮೌನವಾಗಿತ್ತು. ಮುಟ್ಟಲು ಧೈರ್ಯ ಬರಲಿಲ್ಲ, ಬಲಗಡೆಯದು ಹಾಡುತ್ತಿದೆಯಲ್ಲ, ಸಾಕು ಅಂದುಕೊಂಡೆ. ಕೆ.ಎಂ.ದೊಡ್ಡಿ ದಾಟಿತು. ಮೇಷ್ಟ್ರ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ನಾನು ಕಂಡ ದೇವರಿಗೆಲ್ಲ ಹರಕೆ ಹೊತ್ತೆ.

ಮಳವಳ್ಳಿ ಬಂತು. ಸಂತೆಯ ದಿನ. ಅವರ ಮನೆ ಇನ್ನೇನು ಎರಡು ಬೀದಿ ಇದೆ ಅನ್ನುವಾಗ, ಕ್ಯಾಸೆಟ್ಟಿನೊಳಗೆ ಟೇಪು ಸುತ್ತಿಕೊಂಡು ನಾದಸ್ವರ 'ಕೊಂಯ್' ಅಂತ ಗೋಣು ಚೆಲ್ಲಿತು.

ಡ್ರೈವರಣ್ಣ ಗಾಬರಿಗೆ ಕಾರು ನಿಲ್ಲಿಸಿ, ಕೈಗೆ ಸಿಕ್ಕ ತಿರುಪನ್ನೆಲ್ಲ ಪೂರಾ ತಿರುಗಿಸಿ, ಸ್ವಿಚ್ಚನ್ನೂ ಮೇಲಕ್ಕೆ ಹಾಕಿ, ಇಳಿದು ಹೋಗಿ ಬಾನೆಟ್ಟು ಎತ್ತಿದ. ಏನೇ ಕೆಟ್ಟರೂ ಅವನು ಮೊದಲು ಎತ್ತುವುದು ಬಾನೆಟ್ಟನ್ನೇ. ಇಂಜಿನ್ನು ಗಡಗಡ ಅನ್ನುತ್ತಲೇ ಇತ್ತು. ಮೇಷ್ಟ್ರು ಇಳಿದರು. ನಾನೂ ಹಿಂದೆಯೇ ಇಳಿದು ಬಾಗಿಲನ್ನು ಒದ್ದು ನೂಕಿದೆ.

"ಸಾರ್, ಇದು ಸೆಟ್ಟಿನ ತಪ್ಪಲ್ಲ, ಕ್ಯಾಸೆಟ್ಟು..."

"ನಿಂತಿತೋ ಇಲ್ಲವೋ?"

"ನಿಂತಿತು ಸಾರ್."

"ಅಷ್ಟೇ ಹಾಗಾದ್ರೆ" ಅಂದರು. ನನಗೆ ಅಳು ಬರುವುದೊಂದು ಬಾಕಿ. ಅಷ್ಟು ಹೊತ್ತಿಗೆ ಕಾರಿನ ತಲೆ ಮೇಲಿನ ಹಾರ್ನು ಒಂದು ಸಲ ಕುಂಯ್ ಅಂದು, ಇಡೀ ಸಂತೆಗೆ ಕೇಳುವ ಹಾಗೆ ಮಾತಾಡಿತು.

"ನೋಡ್ದೇನವ್ವ, ನಿಂತೇ ಓಯ್ತು. ನಿಮ್ಮಪ್ಪ ಇನ್ನು ಒಪ್ದಂಗೇಯ ಬುಡು." ಅದು ಮೇಷ್ಟ್ರ ಹೆಂಡತಿಯ ದನಿ.

ಆಮೇಲೆ ಇನ್ನೊಂದು ದನಿ, ಎಳೆಯದು, ಚುರುಕಾದ್ದು. "ನಿಂತ್ರೆ ನಿಂತ್ಕೊಳ್ಲಿ ಬುಡವ್ವ. ಅಪ್ಪಂಗೆ ಸೈಕಲ್ ಚೈನು ಬಿದ್ರೆ ಆಕಕ್ಕೆ ಬರಲ್ಲ, ಇಸ್ಕೂಲಿಂದ ಮನೆಗಂಟ ತಳ್ಕೊಂಡ್ ಬತ್ತಾರೆ. ಇವ್ರು ಇಷ್ಟಾದ್ರೂ ಕಟ್ಟವ್ರೆ. ನಂಗೊಪ್ಪಿಗೆ. ಮದ್ವೆ ಆದ್ರೆ ಇವ್ರನ್ನೇ ಆಗೋದು."

ಅವಳ ದನಿಯನ್ನು ನಾನು ಮೊದಲು ಕೇಳಿದ್ದು ಹೀಗೆ, ನಾನೇ ಕಟ್ಟಿದ ಹಾರ್ನಿನಲ್ಲಿ. ಎಡಗಡೆ ಸ್ಪೀಕರಿನ ಪಿನ್ನನ್ನು ಬೆಳಗ್ಗೆ ಮೈಕಿನ ತೂತಿಗೆ ಸಿಕ್ಕಿಸಿದ್ದೆ, ಡ್ರೈವರಣ್ಣ ಈಗ ಮೈಕಿನ ತಿರುಪನ್ನೂ ಪೂರಾ ಏರಿಸಿದ್ದ ಅಂತ ಆಗ ಹೊಳೆಯಿತು. ಓಡಿ ಹೋಗಿ ಕೀಳಬೇಕು. ಇನ್ನೊಂದು ಮಾತು ಕೇಳೋಣ ಅಂತ ನಿಂತೇ ಬಿಟ್ಟೆ, ಅಷ್ಟು ಖುಷಿ. ಟೊಮೇಟೊ ತೂಗುತ್ತಿದ್ದವನು ತಕ್ಕಡಿ ಹಾಗೇ ಎತ್ತಿ ಹಿಡಿದು ನಿಂತಿದ್ದ. ಮೇಷ್ಟ್ರ ಶಾಲೆಯ ಮಕ್ಕಳು ನಾಲ್ಕೈದು ಜನ ಕಬ್ಬು ಅಗಿಯುವುದು ಬಿಟ್ಟು ಮೇಷ್ಟ್ರ ಸೈಕಲ್ಲು ನೆನಪಾಗಿ ಕಿಸಕ್ಕೆಂದರು.

ಹಾರ್ನಿನಲ್ಲಿ ಮತ್ತೆ ತಾಯಿಯ ದನಿ: "ಮೆಲ್ಗೆ ಮಾತಾಡೇ. ಇದ್ಯಾವಳೇ ಅವ್ಳು, ಸಂತೇಲಿ ನಿಂತು ಮೈಕ್ನಲ್ಲಿ ಇಂಗ್ ಅರಚ್ತಾ ಅವಳೆ? ಮಾನ ಮರ್ವಾದೆ ಬ್ಯಾಡ್ವಾ?"

ಸಂತೆಗೆ ಸಂತೆಯೇ ಹೋ ಅಂತ ನಕ್ಕಿತು. ಡ್ರೈವರಣ್ಣ ನಗು ತಡೆಯಲಾರದೆ ಬಾನೆಟ್ಟಿನೊಳಕ್ಕೆ ತಲೆ ತೂರಿಸಿದ. ನಾನು ಮೇಷ್ಟ್ರ ಮುಖ ನೋಡಲು ಹೆದರಿ ಅವರ ಚಪ್ಪಲಿ ನೋಡುತ್ತಾ ನಿಂತೆ.

ಅವರು ಕನ್ನಡಕ ತೆಗೆದು, ಪಂಚೆಯ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು. "ಒಂದಕ್ಷರ ನುಂಗಲಿಲ್ಲ. ಎಲ್ಲಾ ಸ್ಪಷ್ಟವಾಗಿ ಕೇಳಿಸ್ತು. ಸೆಟ್ಟು ಪಾಸು" ಅಂದರು. ಆಮೇಲೆ ದನಿ ತಗ್ಗಿಸಿ, "ಮೊದಲು ಹೋಗಿ ಅದನ್ನ ಆಫ್ ಮಾಡಪ್ಪ. ಇನ್ನು ಐದು ನಿಮಿಷ ಬಿಟ್ರೆ ನಮ್ಮನೇದು ಇನ್ನೇನೇನು ಹೊರಗೆ ಬರುತ್ತೋ" ಅಂದರು.

ಮದುವೆಗೆ ಅದೇ ಕಾರು, ಅದೇ ಹಾರ್ನು. ನಾವಿಬ್ಬರೂ ಹಾರ ಹಾಕಿಕೊಂಡು ಹಿಂದೆ ಕೂರುವ ಮುಂಚೆ, ಮಾವನವರು ಬಗ್ಗಿ ಆ ಎಡಗಡೆಯ ಪಿನ್ನನ್ನು ವೈರಿನಿಂದಲೇ ಕಿತ್ತು ತಮ್ಮ ಜುಬ್ಬದ ಜೇಬಿಗೆ ಹಾಕಿಕೊಂಡರು. ಕಾರು ಹೊರಟ ಮೇಲೆ ನನ್ನ ಹೆಂಡತಿ ಮೆಲ್ಲಗೆ ಕೇಳಿದಳು:

"ಅದ್ಯಾಕ್ರೀ ಕಿತ್ಕೊಂಡ್ರು? ನಾನಿನ್ನೂ ಅಪ್ಪನ್ ಅಡಿಗೆ ವಿಷ್ಯ ಏಳೇ ಇರ್ಲಿಲ್ಲ."