ಅಪ್ಪನ ಮೆಷಿನ್ನಿನ ಕಿಡಿ

ಬಚ್ಚಲ ಪಕ್ಕದ ಸಂದಿಯಲ್ಲಿ ಬಿದ್ದಿದ್ದ ಹುಲ್ಲು ಕತ್ತರಿಸುವ ಮೆಷಿನ್ನನ್ನು ಅವತ್ತು ಬೆಳಿಗ್ಗೆ ಬೈಂಡರ ಹೆಂಡತಿ ಎಡವಿದಳು. ಹೆಬ್ಬೆರಳು ಹಿಡಿದುಕೊಂಡು, ಒಂಟಿ ಕಾಲಿನಲ್ಲಿ ನಿಂತೇ ತೀರ್ಪು ಕೊಟ್ಟಳು.

"ಸಾಯಂಕಾಲ ಗುಜರಿಯವನು ಬರ್ತಾನೆ. ಅಷ್ಟರೊಳಗೆ ಇದು ಓಡಿದ್ರೆ ಮನೇಲಿರುತ್ತೆ, ಇಲ್ದಿದ್ರೆ ಅವನ ಗಾಡಿ ಹತ್ತುತ್ತೆ. ಬಾಗಿಲ ಮುಂದೆ ಹುಲ್ಲು ಮೊಣಕಾಲಿಗೆ ಬಂದಿದೆ, ಕಣ್ಣಿಗೆ ಕಾಣಲ್ವಾ ನಿಮಗೆ?"

ಪುಸ್ತಕಗಳಿಗೆ ರಟ್ಟು ಕಟ್ಟಿಕಟ್ಟಿಯೇ ತಲೆ ನರೆತಿದ್ದ ಬೈಂಡರು ಕೈಯಲ್ಲಿದ್ದ ಅಂಟಿನ ಬ್ರಷ್ಷು ಕೆಳಗಿಟ್ಟರು. ಅದು ಅಪ್ಪನ ಮೆಷಿನ್ನು. ಆಸ್ಪತ್ರೆಯ ತೋಟದಲ್ಲಿ ಮಾಲಿಯಾಗಿದ್ದ ಅಪ್ಪ ಕೆಲಸ ಬಿಡುವಾಗ ಕೇಳಿ ತಂದದ್ದು. ಚಿಕ್ಕಂದಿನಲ್ಲಿ ಶಾಲೆಗೆ ರಜೆ ಸಿಕ್ಕರೆ ಬೈಂಡರು ಅಪ್ಪನ ಹಿಂದೆಯೇ ಓಡುತ್ತಿದ್ದರು. ಹಸಿ ಹುಲ್ಲು, ಪೆಟ್ರೋಲು, ಅಪ್ಪನ ಬೆವರು, ಮೂರೂ ಸೇರಿದ ಒಂದು ವಾಸನೆ ಇತ್ತು. ಆಮೇಲೆ ಅಂಥದ್ದು ಇವರ ಮೂಗಿಗೆ ಎಲ್ಲೂ ಸಿಗಲಿಲ್ಲ.

ಆ ಇಂಜಿನ್ನಿನ ನೆತ್ತಿಯ ಮೇಲೆ ಒಂದು ತಗಡಿನ ಪಟ್ಟಿ. ನಿಲ್ಲಿಸಲು ಬೇರೆ ಸ್ವಿಚ್ಚು ಗಿಚ್ಚು ಏನೂ ಇಲ್ಲ. ಅಪ್ಪ "ಹೂಂ!" ಎಂದ ಕೂಡಲೇ ಹುಡುಗ ರಬ್ಬರ್ ಚಪ್ಪಲಿ ಕೈಗೆ ತೆಗೆದುಕೊಂಡು ಆ ಪಟ್ಟಿಯನ್ನು ಪ್ಲಗ್ಗಿಗೆ ಒತ್ತಬೇಕು. ಇಂಜಿನ್ನು ಬಾಯಿ ಮುಚ್ಚುತ್ತಿತ್ತು. "ಮೆಷಿನ್ನಿಗೆ ಕೈ ಹಾಕೋ ಮೊದ್ಲು ಪಟ್ಟಿ ಒತ್ತು ಮಗಾ, ಬೆರಳು ಹೋದೀತು" ಎನ್ನುತ್ತಿದ್ದರು ಅಪ್ಪ. ಅವರು ಹೋದ ಮೇಲೆ ಅದು ಉಸಿರೆತ್ತಿರಲಿಲ್ಲ.

ಬೈಂಡರು ಮೆಷಿನ್ನನ್ನು ಅಂಗಳಕ್ಕೆ ಎಳೆದರು. ಅಪ್ಪನ ಮಾತಿನಂತೆ ಮೊದಲು ಪಟ್ಟಿ ಒತ್ತಿದರು. ಸ್ಟಾರ್ಟ್ ಮಾಡುವ ಹಗ್ಗ ಎಳೆದರು. ಮೆಷಿನ್ನು ಮುದುಕನ ಹಾಗೆ ಒಮ್ಮೆ ಗೊರಗುಟ್ಟಿ ಸುಮ್ಮನಾಯಿತು.

ಆ ಸದ್ದಿಗೇ ಕಾದಿದ್ದವನಂತೆ ಪಕ್ಕದ ಮನೆಯ ಡ್ರೈವರಣ್ಣ ಬಂದ. ಬಸ್ಸು ಓಡಿಸುವುದು ಬಿಟ್ಟು ಎಷ್ಟೋ ಕಾಲವಾಗಿದ್ದರೂ ಖಾಕಿ ಅಂಗಿ ಬಿಟ್ಟಿರಲಿಲ್ಲ. ಅವನ ಹಿಂದೆ ಎದುರು ಮನೆಯ ಟೈಲರು, ಕೊರಳಲ್ಲಿ ಟೇಪು ತೂಗಾಡಿಸಿಕೊಂಡು.

"ಪ್ಲಗ್ಗು. ಕಣ್ಣು ಮುಚ್ಕೊಂಡು ಹೇಳ್ತೀನಿ, ಪ್ಲಗ್ಗೇ" ಎಂದ ಡ್ರೈವರಣ್ಣ.

"ಕಣ್ಣು ಮುಚ್ಕೊಂಡೇ ಅಲ್ವಾ ಆವತ್ತು ಬಸ್ಸನ್ನ ಚರಂಡಿಗೆ ಇಳಿಸಿದ್ದು?" ಎಂದ ಟೈಲರು.

ಪ್ಲಗ್ಗು ಬಿಚ್ಚಿದರೆ ಕಾಡಿಗೆ ಡಬ್ಬಿಯಷ್ಟು ಕಪ್ಪು. ಟೈಲರು ಮರಳು ಕಾಗದದಲ್ಲಿ ಉಜ್ಜಿದ. ಬೈಂಡರು ತೆಳು ರಟ್ಟಿನ ಚೂರು ತೂರಿಸಿ ತುದಿಯ ಸಂದು ಸರಿಮಾಡಿದರು. ಅಪ್ಪ ಮಾಡುತ್ತಿದ್ದದ್ದೂ ಹಾಗೆಯೇ.

"ಈಗ ಕಿಡಿ ನೋಡ್ಬೇಕು. ಟೈಲರೇ, ಪ್ಲಗ್ಗನ್ನ ವೈರಿಗೆ ಸಿಕ್ಕಿಸಿ ಇಂಜಿನ್ನಿಗೆ ತಾಗಿಸಿ ಹಿಡೀರಿ" ಎಂದರು ಬೈಂಡರು.

ಡ್ರೈವರಣ್ಣ ಹಗ್ಗ ಎಳೆದ. ನೀಲಿ ಕಿಡಿ ಚಟ್ ಎಂದಿತು. ಟೈಲರು ಸೂಜಿ ಚುಚ್ಚಿದವನಂತೆ ಹಾರಿ ತುಳಸಿ ಕುಂಡದ ಪಕ್ಕ ಬಿದ್ದ.

"ಕಿಡಿ ಇದೆ!" ಎಂದು ಡ್ರೈವರಣ್ಣ ಕುಣಿದ.

"ಇದೆ ಮಾರಾಯ, ಮೊಣಕೈವರೆಗೂ ಇದೆ!"

ಪ್ಲಗ್ಗು ತಿರುಗಿ ಒಳಗೆ ಹೋಯಿತು. ಬೈಂಡರು ರೂಢಿಯಂತೆ ಪಟ್ಟಿ ಒತ್ತಿ ಕೈ ತೆಗೆದರು. ಹಗ್ಗ ಎಳೆದರೆ ಮತ್ತೆ ಅದೇ ಗೊರಗೊರ. ಹಳೇ ಪೆಟ್ರೋಲು ಚೆಲ್ಲಿ ಹೊಸದು ಹಾಕಿದರು. ಗಾಳಿಯ ಜರಡಿ ಕೊಡವಿದರು. ಮಧ್ಯಾಹ್ನದ ಹೊತ್ತಿಗೆ ಎಳೆದೆಳೆದು ಡ್ರೈವರಣ್ಣನ ಸೊಂಟ ಹಿಡಿದುಕೊಂಡಿತು. ಅವನು ಬಗ್ಗಿದವನು ಬಗ್ಗಿದ ಹಾಗೆಯೇ ಉಳಿದು, ಅಲ್ಲಿಂದಲೇ ಸಲಹೆ ಕೊಡತೊಡಗಿದ. ಪ್ಲಗ್ಗನ್ನು ಮತ್ತೆ ಬಿಚ್ಚಿ ನೋಡಿದರೆ ಕಿಡಿ ಚೆನ್ನಾಗಿಯೇ ಇದೆ!

"ಏನ್ರೀ ಇದು, ಹೊರಗಿದ್ರೆ ಚಟಚಟ, ಒಳಗೆ ಹೋದ್ರೆ ಗಪ್‌ಚುಪ್!" ಎಂದ ಡ್ರೈವರಣ್ಣ.

"ನಮ್ಮನೆಯೋರ ಹಾಗೇ ಬಿಡಿ ಅಣ್ಣಾ" ಎಂದಳು ಬೈಂಡರ ಹೆಂಡತಿ ಕಿಟಕಿಯಿಂದ. "ಬೀದೀಲಿ ಕಿಡಿ, ಹೊಸಿಲು ದಾಟಿದ್ರೆ ತಣ್ಣಗೆ."

ಬಿಸಿಲು ಇಳಿಯಿತು. ಬೀದಿಯ ತುದಿಯಲ್ಲಿ ಗುಜರಿಯವನ ಗಂಟೆ ಕೇಳಿಸಿತು. ಬೈಂಡರು ಮೆಷಿನ್ನಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಹೆಣಕ್ಕೆ ಕೊನೆಯ ಸಲ ಮುಖ ತೊಳೆಸುವವರಂತೆ ಅಂಗಿಯ ತುದಿಯಿಂದ ಅದರ ಧೂಳು ಒರೆಸಿದರು. ಕೈ ತಗಡಿನ ಪಟ್ಟಿಗೆ ತಾಗಿತು. ಹಗ್ಗ ಎಳೆಯುವ ಮುಂಚೆ ಅಪ್ಪ ಬಗ್ಗಿ ಅಲ್ಲೇನೋ ಮಾಡುತ್ತಿದ್ದರು. ಏನದು? ಹೆಬ್ಬೆರಳಿನಿಂದ ಏನನ್ನೋ ಎತ್ತುತ್ತಿದ್ದರು.

ಒತ್ತುವುದು ಮಗನ ಕೆಲಸ, ಎತ್ತುವುದು ಅಪ್ಪನ ಕೆಲಸ. ತಮ್ಮ ಅರ್ಧವನ್ನು ಮಾತ್ರ ಬೈಂಡರು ಬೆಳಗಿನಿಂದ ಚಾಚೂತಪ್ಪದೆ ಮಾಡಿದ್ದರು. ಒತ್ತಿದ ಪಟ್ಟಿ ಪ್ಲಗ್ಗಿಗೆ ಕಚ್ಚಿಕೊಂಡೇ ಕೂತು ಕಿಡಿಯನ್ನು ನುಂಗುತ್ತಿತ್ತು.

ಪಟ್ಟಿ ಎತ್ತಿದರು. ಒಂದೇ ಎಳೆತ. ಅಂಗಳವೆಲ್ಲ ನಡುಗುವಂತೆ ಮೆಷಿನ್ನು ಅಬ್ಬರಿಸಿತು! ಬಗ್ಗಿದ್ದ ಡ್ರೈವರಣ್ಣ ಬೆಚ್ಚಿ ನೆಟ್ಟಗಾದ. ಹೆಂಡತಿ ಗೇಟಿಗೆ ಬಂದು ಗುಜರಿಯವನಿಗೆ "ಏನೂ ಇಲ್ಲ, ಹೋಗಪ್ಪಾ" ಎಂದಳು. ಅವಳ ಕಣ್ಣೂ ಒದ್ದೆಯಾಗಿತ್ತು. ಮಾವ ಅವಳಿಗೂ ಅಪ್ಪನಂತೆಯೇ ಇದ್ದವರು.

ಬೈಂಡರಿಗೆ ಸಂತೋಷ ತಡೆಯಲಾಗಲಿಲ್ಲ. ಪಕ್ಕದ ಓಣಿಯಲ್ಲಿದ್ದ ಅಕ್ಕನಿಗೆ ಫೋನು ಹಚ್ಚಿ, ಅದನ್ನು ಇಂಜಿನ್ನಿನ ಹತ್ತಿರ ಹಿಡಿದರು.

ಅತ್ತ ಕಡೆಯಿಂದ ಬಿಕ್ಕಳಿಸುವ ಸದ್ದು. "ಅಪ್ಪನೇ ಬಂದ ಹಾಗಾಯ್ತು ಕಣೋ!"

"ಹೂಂ ಅಕ್ಕ."

"ಅದು ಹಿರೀ ಮಗಳ ಮನೇಲಿರಬೇಕಾದ್ದು. ನಿಮ್ಮ ಭಾವನ್ನ ಆಟೋದಲ್ಲಿ ಕಳಿಸ್ತಿದೀನಿ."

"ಅಪ್ಪ ಹೋದಾಗ ಬೇಡ ಅಂದ್ಯಲ್ಲಕ್ಕಾ?"

"ಕೆಟ್ಟು ಕೂತಿದ್ದನ್ನ ಯಾರು ಕೇಳ್ತಾರೋ, ಪೆದ್ದ!"

ಅಕ್ಕನಿಗೆ ಎದುರಾಡುವ ಧೈರ್ಯ ಬೈಂಡರಿಗೆ ಹಲ್ಲು ಮೂಡುವಾಗಲೂ ಇರಲಿಲ್ಲ, ಹಲ್ಲು ಉದುರುವಾಗ ಎಲ್ಲಿಂದ ಬರಬೇಕು? ಭಾವ ಬಂದರು. ಟೈಲರೂ ಡ್ರೈವರಣ್ಣನೂ ಉತ್ಸಾಹದಿಂದ ಕೈಕೊಟ್ಟು ಮೆಷಿನ್ನನ್ನು ಆಟೋಗೆ ಏರಿಸಿದರು. ಆಟೋ ಓಣಿ ತಿರುಗಿತು.

ಹೆಂಡತಿ ಸೆರಗು ಸಿಕ್ಕಿಸಿಕೊಂಡಳು. ಒಳಗೆ ಹೋಗಿ ಕುಡುಗೋಲು ತಂದು ಗಂಡನ ಕೈಗಿಟ್ಟಳು. ಬೈಂಡರು ಹುಲ್ಲಿನ ನಡುವೆ ಕೂತು ಮೊದಲ ಹಿಡಿ ಕೊಯ್ದರು. ಪೆಟ್ರೋಲು ಮೆತ್ತಿದ ಬೆರಳನ್ನು ಹಸಿ ಹುಲ್ಲಿನ ಸಮೇತ ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ ಮೂಸತೊಡಗಿದರು.

"ಮೂಸ್ತಾ ಕೂತ್ರೆ ಮುಗಿಯುತ್ತಾ?" ಎಂದಳು ಹೆಂಡತಿ.